ಚೆನ್ನಾಗಿದೆ ಎಂದರೆ ಸಾಕೆ?

ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳು ಬಿ.ಎಸ್‌ಸಿ. ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಒಂದು ವರ್ಷ ಸಿನಿಮಾದ ವಿಎಫ್‌ಎಕ್ಸ್ ವಿದ್ಯೆಯನ್ನು ಕಲಿತಳಂತೆ. ಕೆಲಸಕ್ಕಾಗಿ ಕಂಪನಿಗಳಿಗೆ ಕಳುಹಿಸಬೇಕಾದ ಡೆಮೊ ರೀಲನ್ನು ಸಿದ್ಧಪಡಿಸಿ, ಒಂದು ರಾತ್ರಿ ಊಟವಾದ ಬಳಿಕ ತಂದೆತಾಯಿಗಳ ಮುಂದೆ ಕಂಪ್ಯೂಟರನ್ನಿಟ್ಟು ತೋರಿಸಿದಳಂತೆ. ತಂದೆಯವರು “ಬಹಳ ಚೆನ್ನಾಗಿದೆ, ಮಗಳೇ” ಎಂದರು. ತಾಯಿಯವರು “ಇದರಲ್ಲಿ ನೀನು ಮಾಡಿದ್ದು ಯಾವುದು?” ಎಂದು ಕೇಳಿದರು. ಎರಡು ಮಾತಿಗೂ ಮಗಳು ಮುಖ ಸಣ್ಣದು ಮಾಡಿಕೊಂಡು ಎದ್ದುಹೋದಳು. ಹೊಗಳಿದರೂ ತಪ್ಪು, ಕೇಳಿದರೂ ತಪ್ಪು ಎಂದಾದರೆ, ತಮಗೆ ತಿಳಿಯದ ವಿದ್ಯೆಯನ್ನು ಕುರಿತು ಗೃಹಸ್ಥರು ಏನೆಂದು ಹೇಳತಕ್ಕದ್ದು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಒಂದು ಮನೆಯದಲ್ಲ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗನು ಅಂಕಪಟ್ಟಿಯನ್ನು ತಂದು ಮುಂದಿಟ್ಟರೆ ತಂದೆಗೆ ಮಾತು ಸುಲಭವಾಗಿತ್ತು. ಅರ್ಧ ಮಾತನ್ನು ಅಂಕವೇ ಆಡಿಬಿಡುತ್ತಿತ್ತು. ಈ ವಿದ್ಯೆಯಲ್ಲಿ ಅಂಕಪಟ್ಟಿಗೆ ಅಷ್ಟು ಬೆಲೆಯಿಲ್ಲ. ಕೆಲಸ ಕೊಡುವವನು ಮೊದಲು ನೋಡುವುದು ರೀಲನ್ನು. ಒಂದು ನಿಮಿಷದ, ಹೆಚ್ಚೆಂದರೆ ಎರಡು ನಿಮಿಷದ ಚಿತ್ರಮಾಲೆ ಅದು. ಹಸುರು ಪರದೆಯ ಮುಂದೆ ನಿಂತಿದ್ದ ನಟನನ್ನು ಬೆಟ್ಟದ ಅಂಚಿಗೆ ಸೇರಿಸಿದ್ದು, ಬೀದಿಯ ವಿದ್ಯುತ್ ತಂತಿಗಳನ್ನು ಅಳಿಸಿ ಹಳೆಯ ಕಾಲವನ್ನು ತಂದದ್ದು, ಇಲ್ಲದ ಮಳೆಯನ್ನು ಸುರಿಸಿದ್ದು, ಇಲ್ಲದ ಪ್ರಾಣಿಯನ್ನು ನಡೆಸಿದ್ದು, ಹೀಗೆ ಕಲಿತವನು ತನ್ನ ಕೈಯಿಂದಾದ ಉತ್ತಮ ಕೆಲಸಗಳನ್ನು ಆಯ್ದು ಅದರಲ್ಲಿ ಪೋಣಿಸಿರುತ್ತಾನೆ. ರೀಲುಗಳ ರಾಶಿಯನ್ನೇ ನೋಡಬೇಕಾದವನು ಆರಂಭದ ಕೆಲವು ಕ್ಷಣಗಳಲ್ಲಿ ಮನಸ್ಸು ಹಿಡಿಯದಿದ್ದರೆ ಕಡೆಯವರೆಗೆ ಕುಳಿತಿರುವುದಿಲ್ಲ. ಆದಕಾರಣ ಶ್ರೇಷ್ಠವಾದುದು ಮೊದಲೇ ಬರಬೇಕು, ಸಾಮಾನ್ಯವಾದುದು ಬರಲೇಬಾರದು.

ಬೆಂಗಳೂರು ಈ ಕೆಲಸಕ್ಕೆ ಹೆಸರಾದ ಊರು. 2016ರ ‘ದಿ ಜಂಗಲ್ ಬುಕ್’ ಚಿತ್ರಕ್ಕೆ 2017ರಲ್ಲಿ ವಿಷುಯಲ್ ಎಫೆಕ್ಟ್ಸಿನ ಆಸ್ಕರ್ ಪಾರಿತೋಷಕವು ಬಂದಾಗ, ಆ ಕಾಡನ್ನೂ ಪ್ರಾಣಿಗಳನ್ನೂ ರಚಿಸಿದವರಲ್ಲಿ ಬೆಂಗಳೂರಿನ ಕೆಲಸಗಾರರೂ ಇದ್ದರು. ಆ ಕೆಲಸವನ್ನು ನಡೆಸಿದ ಎಂಪಿಸಿಯನ್ನು ಒಳಗೊಂಡ ಟೆಕ್ನಿಕಲರ್ ಸಮೂಹವು 2025ರ ಫೆಬ್ರವರಿಯಲ್ಲಿ ಕುಸಿದುಬಿದ್ದಾಗ, ಅದೇ ಊರಿನಲ್ಲಿ ವರ್ಷಗಟ್ಟಲೆ ನುರಿತವರು ಒಮ್ಮೆಗೇ ಕೆಲಸ ಕಳೆದುಕೊಂಡು ಹೊಸದಾಗಿ ರೀಲು ಕಟ್ಟಬೇಕಾಯಿತು. ನಿನ್ನೆ ಕಲಿತು ಬಂದ ಹುಡುಗಿಯು ಅಂಥವರ ಸಾಲಿನಲ್ಲಿಯೇ ನಿಲ್ಲಬೇಕಾಗಿದೆ. ಹೀಗಿರುವಲ್ಲಿ ಅವಳ ಒಂದೂವರೆ ನಿಮಿಷವು ಮನೆಮಂದಿಯ ವಿನೋದಕ್ಕೆ ತೋರಿಸುವ ಸಂಗತಿಯಲ್ಲವೆಂಬುದನ್ನು ತಂದೆತಾಯಿಗಳು ಮನಸ್ಸಿಗೆ ತಂದುಕೊಳ್ಳಬೇಕು.

ಅವಳು ಆ ಚಿತ್ರವನ್ನು ಅದೆಷ್ಟು ಸಲ ನೋಡಿದ್ದಾಳೋ! ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ಅವುಗಳಲ್ಲಿ ಒಂದೊಂದನ್ನೂ ತಿದ್ದಿರುವಳು. ನೋಡಿ ನೋಡಿ ಅವಳ ಕಣ್ಣು ದಣಿದುಹೋಗಿದೆ. ಪ್ರಬಂಧವನ್ನು ಬರೆದ ಹುಡುಗನಿಗೆ ತನ್ನ ಕಾಗುಣಿತದ ತಪ್ಪು ಕಾಣದು. ಪಕ್ಕದ ಮಣೆಯವನಿಗೆ ಒಡನೆಯೇ ಕಾಣುತ್ತದೆ. ಮನೆಯವರಿಂದ ಅವಳಿಗೆ ಬೇಕಾಗಿದ್ದುದು ಆ ಪಕ್ಕದ ಮಣೆಯವನ ಕಣ್ಣು. ದೊರೆತದ್ದು ಆಶೀರ್ವಾದ. ಆಶೀರ್ವಾದವು ಬೇಡವೆಂದು ನಾವು ಹೇಳುವವರಲ್ಲ. ಆದರೆ ಅದನ್ನು ಹಿಡಿದುಕೊಂಡು ಹೋಗಿ ಮಾರನೆಯ ದಿನ ಏನನ್ನು ತಿದ್ದಲಾದೀತು?

“ನಮಗೆ ಈ ವಿದ್ಯೆ ಬಾರದು” ಎಂಬ ಸಂಕೋಚವು ಸಹಜ. ಇದಕ್ಕೆ ಸಮಾಧಾನವು ಭರತಮುನಿಯ ನಾಟ್ಯಶಾಸ್ತ್ರದಲ್ಲಿಯೇ ಉಂಟು. ಪ್ರಯೋಗವನ್ನು ಪರೀಕ್ಷಿಸುವ ಪ್ರಾಶ್ನಿಕರು ಯಾರಾಗಿರಬೇಕೆಂದು ಹೇಳುವ ಸಂದರ್ಭದಲ್ಲಿ, ಮುನಿಯು ನಾಟ್ಯ ಬಲ್ಲವನೊಬ್ಬನನ್ನೇ ಹೆಸರಿಸಿ ಸುಮ್ಮನಾಗಲಿಲ್ಲ. ಯಜ್ಞವನ್ನು ಬಲ್ಲವನು, ಛಂದಸ್ಸನ್ನು ಬಲ್ಲವನು, ವ್ಯಾಕರಣವನ್ನು ಬಲ್ಲವನು, ಅಸ್ತ್ರವಿದ್ಯೆಯನ್ನು ಬಲ್ಲವನು, ಚಿತ್ರಕಾರನು, ಗಾಯಕನು, ರಾಜಸೇವಕನು, ಕಡೆಗೆ ವೇಶ್ಯೆಯೂ ಆ ಪಟ್ಟಿಯಲ್ಲಿ ಸೇರಿರುವರು. ರಂಗದ ಮೇಲೆ ಬಿಲ್ಲನ್ನು ಹಿಡಿದ ಬಗೆ ಸರಿಯೇ ಎಂಬುದನ್ನು ಬಿಲ್ಲುಗಾರನು ಹೇಳಬೇಕು. ಅವನಿಗೆ ಅಭಿನಯವು ಬಾರದಿದ್ದರೂ ಚಿಂತೆಯಿಲ್ಲ. ಒಬ್ಬೊಬ್ಬನೂ ತಾನು ಬಲ್ಲುದರ ಮಟ್ಟಿಗೆ ಪ್ರಾಶ್ನಿಕನು.

ಈ ನ್ಯಾಯದಿಂದ ನೋಡಿದರೆ ಗೃಹಸ್ಥನು ಬಲ್ಲುದು ಅಲ್ಪವಲ್ಲ. ಹಾಲು ಉಕ್ಕುವುದನ್ನೂ ಹಬೆ ಏಳುವುದನ್ನೂ ತಾಯಿಗಿಂತ ಹೆಚ್ಚಾಗಿ ಕಂಡವರು ಯಾರು? ತುಂಬಿದ ಬಿಂದಿಗೆಯನ್ನೆತ್ತಿದವನ ಹೆಗಲು ಹೇಗೆ ವಾಲುತ್ತದೆ, ಒಲೆಯ ಹೊಗೆ ಗಾಳಿಗೆ ಹೇಗೆ ಬಾಗುತ್ತದೆ, ಸಂಜೆಯ ನೆರಳು ಯಾವ ಕಡೆಗೆ ಚಾಚುತ್ತದೆ ಎಂಬುದನ್ನು ಕಣ್ಣು ಜನ್ಮವೆಲ್ಲ ಕಲಿತಿದೆ. ಈಚೆಗೆ ನಮ್ಮ ಬೀದಿಯ ಹುಡುಗನೊಬ್ಬನು ತನ್ನ ರೀಲನ್ನು ನಮಗೆ ತೋರಿಸಿದನು. ಬಿಸಿಲಿನಲ್ಲಿ ತೆಗೆದ ಚಿತ್ರಕ್ಕೆ ಅವನು ಮೋಡವನ್ನು ಕವಿಸಿ ಮಳೆಯನ್ನು ಸುರಿಸಿದ್ದನು. ಹೆಂಗಸೊಬ್ಬಳು ಕೊಡೆ ಹಿಡಿದು ನಡೆದುಬರುತ್ತಿದ್ದಳು. “ಏನಪ್ಪ, ಮಳೆ ಜೋರಾಗಿದೆ, ಆದರೆ ಕೊಡೆಯ ಕಡ್ಡಿಯ ತುದಿಯಿಂದ ಒಂದು ಹನಿಯೂ ಇಳಿಯಲಿಲ್ಲವಲ್ಲ” ಎಂದೆವು. ಹುಡುಗನು ಚಿತ್ರವನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದನು. “ಎರಡು ತಿಂಗಳಿಂದ ನೋಡ್ತಾ ಇದ್ದೀನಿ ತಾತ, ನನಗೆ ಹೊಳೀಲೇ ಇಲ್ಲ” ಎಂದು ಪುಸ್ತಕದಲ್ಲಿ ಬರೆದುಕೊಂಡನು. ಆ ಹನಿಯನ್ನು ಇಳಿಸುವುದು ಹೇಗೆಂಬುದು ನಮಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಅದನ್ನು ಹೇಳಿಕೊಡಲು ಅವನ ಗುರುವಿದ್ದನು.

ನಮ್ಮ ಅಭಿಪ್ರಾಯದಲ್ಲಿ ಗೆರೆಯನ್ನು ಎಳೆಯಬೇಕಾದದ್ದು ಇಲ್ಲಿಯೇ. ಕಂಡದ್ದನ್ನು, ಕಂಡ ಜಾಗದಲ್ಲಿ ಹೇಳುವುದು ಮನೆಯವರ ಕೆಲಸ. ಮದ್ದನ್ನು ಹೇಳುವುದು ಬಲ್ಲವರ ಕೆಲಸ. “ಬೆಟ್ಟದ ಮೇಲೆ ನಿಂತವನು ಅಲ್ಲಿ ಇಲ್ಲವೆನಿಸಿತು” ಎಂದು ತಂದೆಯು ಹೇಳಿದರೆ ಸಾಕು. ಬಲ್ಲವನು ಅದನ್ನು ನೋಡಿ, ನಟನ ಕೂದಲಿನ ಅಂಚಿನಲ್ಲಿ ಹಸುರು ಉಳಿದಿದೆ, ಅವನ ಮೈಮೇಲಿನ ಕಪ್ಪು ಹಿನ್ನೆಲೆಯ ಕಪ್ಪಿಗೆ ಹೊಂದುತ್ತಿಲ್ಲ, ಕಾಲಿನ ಕೆಳಗೆ ನೆಲಕ್ಕೆ ತಾಗುವ ನೆರಳಿಲ್ಲ, ಕ್ಯಾಮೆರಾ ಅಲುಗಿದಾಗ ಅವನ ಪಾದ ನೆಲದ ಮೇಲೆ ಜಾರುತ್ತಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಇದಕ್ಕೆ ಬದಲಾಗಿ ತಂದೆಯೇ “ಬೆಟ್ಟಕ್ಕೆ ಇನ್ನಷ್ಟು ಬಣ್ಣ ಹಾಕು” ಎಂದು ಅಪ್ಪಣೆ ಕೊಡಿಸಿದರೆ ಮಗಳು ಬೆಟ್ಟಕ್ಕೆ ಬಣ್ಣ ಹಾಕಿ ಕೂರುವಳು. ಪಾದವು ಜಾರುತ್ತಲೇ ಇರುವುದು. ಇನ್ನು ಕೆಲವರು ಬಂಧುಗಳಿರುವರು. ಅವರು “ಬಾಹುಬಲಿಯ ಮಟ್ಟಕ್ಕೆ ಬರಲಿಲ್ಲ” ಎಂದು ನಕ್ಕು ಕಾಫಿಯನ್ನು ಮುಗಿಸುವರು. ನೂರಾರು ಜನರು ದುಡಿದ ಚಿತ್ರವನ್ನೂ ಒಬ್ಬ ಹುಡುಗಿಯು ಕೊಠಡಿಯಲ್ಲಿ ಕುಳಿತು ಮಾಡಿದ ಒಂದೂವರೆ ನಿಮಿಷವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಇವರ ಎದುರಿಗೆ ರೀಲನ್ನು ತೆರೆಯದಿರುವುದೇ ಲೇಸು.

ಈಗ ತಾಯಿಯವರ ಪ್ರಶ್ನೆಯನ್ನು ಎತ್ತಿಕೊಳ್ಳೋಣ. “ಇದರಲ್ಲಿ ನೀನು ಮಾಡಿದ್ದು ಯಾವುದು?” ಮಗಳಿಗೆ ಇದು ಅವಮಾನವೆಂದು ತೋರಿರಬಹುದು. ಆದರೆ ಕೆಲಸ ಕೊಡುವವನು ಮೊಟ್ಟಮೊದಲು ಕೇಳುವ ಪ್ರಶ್ನೆಯೂ ಇದೇ. ಒಂದು ಶಾಟನ್ನು ಹಲವರು ಸೇರಿ ಮಾಡಿರುತ್ತಾರೆ. ಒಬ್ಬನು ಪ್ರಾಣಿಯನ್ನು ಕಡೆದಿರುತ್ತಾನೆ, ಒಬ್ಬನು ನಡೆಸಿರುತ್ತಾನೆ, ಮತ್ತೊಬ್ಬನು ಬೆಳಕನ್ನು ಹಾಕಿರುತ್ತಾನೆ. ಆದುದರಿಂದ ರೀಲಿನ ಜೊತೆಗೆ ಯಾವ ಶಾಟಿನಲ್ಲಿ ತನ್ನ ಕೈಯ ಕೆಲಸ ಎಷ್ಟೆಂಬ ವಿವರಪಟ್ಟಿಯನ್ನು ಇಡುವುದು ವಾಡಿಕೆ. ಕೆಲವರು ಮೊದಲು ಬರಿಯ ಹಸುರು ಪರದೆಯನ್ನು ತೋರಿಸಿ, ಆಮೇಲೆ ಪದರ ಪದರವಾಗಿ ಚಿತ್ರವು ಕೂಡಿಬರುವುದನ್ನು ತೋರಿಸುವರು. ಪರರ ಕೆಲಸವನ್ನು ತನ್ನದೆಂದು ಸೇರಿಸಿದವನು ಬೇಗನೆ ಸಿಕ್ಕಿಬೀಳುತ್ತಾನೆ, ಏಕೆಂದರೆ ಆ ಶಾಟನ್ನು ಮಾಡಿದವನೇ ನೋಡುವವರ ನಡುವೆ ಕುಳಿತಿರಲೂಬಹುದು. ತಾಯಿಗೆ ಅರ್ಥವಾಗದಿದ್ದುದು ರೀಲಿನದೇ ಕೊರತೆ. ಮಗಳು ಎದ್ದುಹೋಗುವ ಬದಲು ಆ ಪ್ರಶ್ನೆಯನ್ನು ಬರೆದುಕೊಳ್ಳಬೇಕಾಗಿತ್ತು.

ಅಲಂಕಾರವನ್ನು ಕಳಚಿ ನೋಡುವ ಈ ಪದ್ಧತಿಯು ಹಳೆಯದು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿ, ಶಿಷ್ಯೆಯರ ಪ್ರಯೋಗದಿಂದ ಅದನ್ನು ತೀರ್ಮಾನಿಸಬೇಕೆಂದಾಗ, ಪ್ರಾಶ್ನಿಕಳಾದ ಪರಿವ್ರಾಜಿಕೆಯು ಪಾತ್ರಗಳು ವೇಷಭೂಷಣದ ಭಾರವಿಲ್ಲದೆ ಬರಲೆಂದು ಕೇಳುತ್ತಾಳೆ; ಅಂಗಾಂಗಗಳ ಸೌಷ್ಠವವು ತೋರಬೇಕಲ್ಲವೆ? ಅದೇ ಸಭೆಯಲ್ಲಿ ಮಾಲವಿಕೆಯ ನೃತ್ಯವು ಮುಗಿದೊಡನೆ ವಿದೂಷಕನು ಒಂದು ಲೋಪವಾಗಿದೆಯೆಂದು ತಡೆಯುತ್ತಾನೆ. ಏನು ಲೋಪವೆಂದರೆ, ಮೊದಲು ಬ್ರಾಹ್ಮಣಪೂಜೆಯಾಗಲಿಲ್ಲವಂತೆ! ಮಾಲವಿಕೆಯನ್ನು ಇನ್ನೊಂದು ಗಳಿಗೆ ರಾಜನ ಕಣ್ಣೆದುರು ನಿಲ್ಲಿಸುವುದೇ ಅವನ ಹೂಟ. ವಿಮರ್ಶೆಯ ನೆಪದಲ್ಲಿ ಬೇರೆ ಕಾರ್ಯವನ್ನು ಸಾಧಿಸುವವರು ಇಂದಿಗೂ ಕಡಿಮೆಯಾಗಿಲ್ಲ. “ಇದೆಲ್ಲ ಬಿಟ್ಟು ಬಿ.ಎಡ್. ಮಾಡಬಾರದೆ?” ಎಂಬ ಮಾತು ರೀಲಿನ ಮೇಲಿನ ಅಭಿಪ್ರಾಯವಲ್ಲ, ಅದನ್ನು ಆಡಬೇಕೆಂದಿದ್ದರೆ ಬೇರೊಂದು ದಿನ ಆಡತಕ್ಕದ್ದು.

ಪರಿವ್ರಾಜಿಕೆಯ ಆ ಬೇಡಿಕೆಯು ಅಮೆರಿಕದಲ್ಲಿ ಫಲಿಸಿದ ಬಗೆ ಕುತೂಹಲಕರವಾಗಿದೆ. 1993ರಲ್ಲಿ ತೆರೆಕಂಡ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ನಡೆದಾಡುವ ಡೈನೋಸಾರುಗಳನ್ನು ಸಣ್ಣ ಬೊಂಬೆಗಳಿಂದ ತೋರಿಸಬೇಕೆಂಬುದು ಮೊದಲ ಏರ್ಪಾಡು. ಆ ಕಲೆಯಲ್ಲಿ ಪ್ರವೀಣನಾದ ಫಿಲ್ ಟಿಪೆಟ್ಟನಿಗೆ ಕೆಲಸವನ್ನು ವಹಿಸಿದ್ದರು. ಅಷ್ಟರಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಸ್ಟೀವ್ ವಿಲಿಯಮ್ಸನು ಕಂಪ್ಯೂಟರಿನಲ್ಲಿ ಟಿ. ರೆಕ್ಸಿನ ಅಸ್ಥಿಪಂಜರವೊಂದನ್ನು ನಡೆಸಿ, ನಿರ್ಮಾಪಕರ ಕಣ್ಣಿಗೆ ಬೀಳುವಂತೆ ಇಟ್ಟನು. ಚರ್ಮವಿಲ್ಲ, ಬಣ್ಣವಿಲ್ಲ, ಕಾಡಿಲ್ಲ, ಬರಿಯ ಎಲುಬು. ಆದರೆ ನಡಿಗೆಯು ಸಹಜವಾಗಿತ್ತು, ಅದು ಸಾಕಾಯಿತು. ಮುಂದಿನ ಪರೀಕ್ಷಾಚಿತ್ರಗಳನ್ನು ಕಂಡ ಟಿಪೆಟ್ಟನು ತನ್ನ ಕುಲವೇ ಅಳಿದಂತಾಯಿತೆಂದು ನುಡಿದನೆಂಬುದು ಪ್ರಸಿದ್ಧ. ನಿರ್ದೇಶಕನಾದ ಸ್ಪೀಲ್‌ಬರ್ಗನು ಆ ಮಾತನ್ನು ಚಿತ್ರದೊಳಕ್ಕೇ ತಂದನು. ಅವನನ್ನು ಹೊರಗೆ ಹಾಕಲೂ ಇಲ್ಲ. ಪ್ರಾಣಿಯು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೇಗೆ ಬದಲಿಸುತ್ತದೆ, ಹೇಗೆ ತಲೆಯೆತ್ತುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಕಂಪ್ಯೂಟರಿನವರಲ್ಲಿ ಇರಲಿಲ್ಲವಾದ್ದರಿಂದ ಡೈನೋಸಾರುಗಳ ಮೇಲ್ವಿಚಾರಣೆಯನ್ನು ಅವನಿಗೇ ಒಪ್ಪಿಸಿದರು. ಭರತನ ಬಿಲ್ಲುಗಾರನು ಇವನೇ ಅಲ್ಲವೆ?

ಕೊಡುವವರ ವಿಷಯ ಹೀಗಾಯಿತು. ಕೇಳಿಸಿಕೊಳ್ಳುವ ಮಗಳಿಗೂ ಎರಡು ಮಾತು ಹೇಳಬೇಕಾಗಿದೆ. ಪತ್ರ ಬರೆದವರು ಇದನ್ನು ಅವಳಿಗೆ ಓದಿಸಲಿ. ತೋರಿಸುವ ಮುನ್ನ “ಇದಿನ್ನೂ ಮುಗಿದಿಲ್ಲ, ಅಲ್ಲಿ ಸ್ವಲ್ಪ ಹೀಗಾಗಿದೆ” ಎಂದು ವ್ಯಾಖ್ಯಾನ ಮಾಡಬಾರದು. ಕಂಪನಿಯವನು ನೋಡುವಾಗ ನೀನು ಪಕ್ಕದಲ್ಲಿ ನಿಂತಿರುವುದಿಲ್ಲ, ತಾಯಿ. ಮೊದಲೊಮ್ಮೆ ಮಾತಿಲ್ಲದೆ, ನಿಲ್ಲಿಸದೆ, ಸಾಧ್ಯವಾದರೆ ಸಂಗೀತವನ್ನೂ ಅಡಗಿಸಿ ತೋರಿಸು. ಹಾಡಿನ ಅಬ್ಬರವು ಚಿತ್ರದ ಬಡತನವನ್ನು ಮುಚ್ಚಿಬಿಡುತ್ತದೆ. ಬಳಿಕ “ಹೇಗಿದೆ?” ಎಂದು ಕೇಳಬೇಡ, ಆ ಪ್ರಶ್ನೆಗೆ “ಚೆನ್ನಾಗಿದೆ” ಎಂಬುದಲ್ಲದೆ ಬೇರೆ ಉತ್ತರವಿಲ್ಲ. “ಎಲ್ಲಿ ಸುಳ್ಳೆನಿಸಿತು? ಎಲ್ಲಿ ಬೇಸರವಾಯಿತು?” ಎಂದು ಕೇಳು. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೋ; ಆ ರಾತ್ರಿಯೇ ವಾದಿಸಬೇಡ, ಆ ರಾತ್ರಿಯೇ ತಿದ್ದಲೂ ಬೇಡ. ಮೂವರು ಮೂರು ಮದ್ದು ಹೇಳಿದರೂ ಮೂವರ ಕಣ್ಣೂ ಒಂದೇ ಶಾಟಿನಲ್ಲಿ ತಡೆದಿದ್ದರೆ, ಮದ್ದುಗಳನ್ನು ಬಿಟ್ಟು ಆ ಶಾಟನ್ನು ಹಿಡಿ.

ಎಲ್ಲಕ್ಕಿಂತ ಕಹಿಯಾದ ಮಾತು “ಇದನ್ನು ತೆಗೆದುಹಾಕು” ಎಂಬುದು. ಮೂರು ತಿಂಗಳು ನಿದ್ದೆಗೆಟ್ಟು ಮಾಡಿದ ಶಾಟೇ ರೀಲಿನಲ್ಲಿ ಸಪ್ಪೆಯಾಗಿರುವುದುಂಟು. ಮಗಳ ದುಡಿಮೆಯನ್ನು ಕಣ್ಣಾರೆ ಕಂಡ ತಂದೆತಾಯಿಗಳಿಗೆ ಇದನ್ನು ಹೇಳಲು ಬಾಯಿ ಬಾರದು. ಆದರೆ ನೋಡುವವನಿಗೆ ಆ ಮೂರು ತಿಂಗಳು ಕಾಣುವುದಿಲ್ಲ, ಶಾಟು ಮಾತ್ರ ಕಾಣುತ್ತದೆ. ಕಳುಹಿಸುವುದಕ್ಕೆ ಒಂದು ತಿಂಗಳಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿರಿ. ಮರುದಿನ ಬೆಳಗ್ಗೆಯೇ ಕಳುಹಿಸಬೇಕಾಗಿದ್ದರೆ ತೆಗೆಯಬಹುದಾದದ್ದನ್ನು ಮಾತ್ರ ಹೇಳಿ, ಹೊಸದಾಗಿ ಮಾಡಬೇಕಾದದ್ದನ್ನು ನುಂಗಿಕೊಳ್ಳಿರಿ.

ಕಳುಹಿಸಿದ ಮೇಲಿನ ಕಾಲವೇ ಕಠಿನವಾದುದು. ಹೆಚ್ಚಿನ ಕಡೆಗಳಿಂದ ಉತ್ತರವೇ ಬಾರದು. ಅದು ರೀಲು ಕೆಟ್ಟದ್ದೆಂಬ ತೀರ್ಪಾಗಿರಲೂಬಹುದು, ಆ ತಿಂಗಳು ಅಲ್ಲಿ ಕೆಲಸವಿಲ್ಲವೆಂದಾಗಿರಲೂಬಹುದು, ಇನ್ನೂ ತೆರೆದೇ ನೋಡಿಲ್ಲವೆಂದಾಗಿರಲೂಬಹುದು. ಮನೆಯಲ್ಲಿ ಕುಳಿತು ಊಹಿಸುವುದು ವ್ಯರ್ಥ. ಆ ದಿನಗಳಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ “ಏನಾದರೂ ಬಂತೇನಮ್ಮ?” ಎಂದು ಕೇಳುವ ಅಭ್ಯಾಸವನ್ನು ಪತ್ರ ಬರೆದ ಮಹಾಶಯರು ಬಿಟ್ಟುಬಿಡುವುದು ಮೇಲು. ಬಂದರೆ ಅವಳೇ ಹೇಳುವಳು.