ಹೇಗಿದ್ದರೂ ಬೀಳುವ ಹಲ್ಲು!

"ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಚಿಕಿತ್ಸೆ?" ಬಸವಕಲ್ಯಾಣದ ಓಣಿಗಳಲ್ಲಿಯೂ ಹುಮನಾಬಾದಿನ ಬಸ್‌ನಿಲ್ದಾಣದಲ್ಲಿಯೂ ನಾನು ಪದೇ ಪದೇ ಕೇಳಿರುವ ಮಾತಿದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂದೆತಾಯಿಗಳು, ಕೆಲವರು ಅಜ್ಜ-ಅಜ್ಜಿಯರು. ಆದುದರಿಂದ ಈ ನಾಲ್ಕು ಮಾತು.

ಹಾಲುಹಲ್ಲುಗಳು ಒಟ್ಟು 20. ಮುಂದಿನವು 6-7ನೆಯ ವಯಸ್ಸಿನಲ್ಲಿ ಬೀಳುತ್ತವೆ, ನಿಜ. ಆದರೆ ಹಿಂದಿನ ದವಡೆಹಲ್ಲುಗಳು 9ರಿಂದ 12 ವರ್ಷದವರೆಗೂ ಇರಬೇಕಾದವು. ಅವುಗಳನ್ನು ಐದನೆಯ ವಯಸ್ಸಿನಲ್ಲಿಯೇ ಕೀಳಿಸಿದರೆ, ಆರನೆಯ ವರ್ಷಕ್ಕೆ ಹಿಂದೆ ಹುಟ್ಟುವ ಶಾಶ್ವತ ದವಡೆಹಲ್ಲು ಮುಂದೆ ಸರಿದು, ಬರಬೇಕಾದ ಹಲ್ಲಿನ ಜಾಗವನ್ನು ಆಕ್ರಮಿಸಿಬಿಡುತ್ತದೆ.

ಕಬ್ಬು ಬೆಳೆಯುವ ನಾಡು ನಮ್ಮದು, ಬೆಲ್ಲ-ಸಕ್ಕರೆಗೆ ಬರವಿಲ್ಲ. ಹಾಲುಹಲ್ಲಿನ ಎನಾಮಲ್ ತೆಳುವಾದುದರಿಂದ ಹುಳುಕು ಬೇಗನೆ ತಿರುಳನ್ನು ಮುಟ್ಟುತ್ತದೆ. ಬೇರಿನ ತಿರುಳು ಆರೋಗ್ಯವಾಗಿದ್ದರೆ ವೈದ್ಯರು ಮೇಲಿನ ಭಾಗವನ್ನಷ್ಟೇ ತೆಗೆದು ಔಷಧವಿಡುತ್ತಾರೆ, ಇದು ಪಲ್ಪಾಟಮಿ. ಬೇರಿನವರೆಗೂ ಕೆಟ್ಟಿದ್ದರೆ ಪೂರ್ಣ ಶುಚಿಗೊಳಿಸಿ, ಬೇರಿನೊಡನೆಯೇ ಕರಗಬಲ್ಲ ಪೇಸ್ಟ್ ತುಂಬುತ್ತಾರೆ; ಇದು ಪಲ್ಪೆಕ್ಟಮಿ. ಸಾಮಾನ್ಯವಾಗಿ ಮೇಲೊಂದು ಉಕ್ಕಿನ ಟೋಪಿ. ಹಲ್ಲು ಉಳಿಸಲಾಗದಷ್ಟು ಕೆಟ್ಟಿದ್ದರೆ ಕೀಳುವುದೇ ಸರಿ. ಆಗ ಜಾಗ ಕಾಯುವ ಸಾಧನ ಬೇಕೇ ಎಂದು ಕೇಳಬೇಕು.

ಲವಂಗದೆಣ್ಣೆಯಿಂದಲೋ ಗುಳಿಗೆಯಿಂದಲೋ ನೋವು ನಿಂತೊಡನೆ ರೋಗ ಹೋಯಿತೆಂದು ತಿಳಿಯಬಾರದು. ಕೆಲವೊಮ್ಮೆ ನೋವು ನಿಲ್ಲುವುದು ತಿರುಳು ಸತ್ತದ್ದರಿಂದ! ಬಳಿಕ ಕೀವು ಬೇರಿನ ಬುಡಕ್ಕಿಳಿದು, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಹಾನಿ ಮಾಡಬಹುದು.

ಕೆನ್ನೆ ಹಿಡಿದು ಕುಳಿತ ಮಗುವಿಗೆ ಮಗ್ಗಿ ತಲೆಗೆ ಹೋಗದು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ರಾತ್ರಿ ನಿದ್ರೆಯಿಲ್ಲ, ರೊಟ್ಟಿ ಅಗಿಯಲಾಗದು. ಅಂಥ ಮಗುವನ್ನು 'ದಡ್ಡ' ಎನ್ನುವ ಮೊದಲು ಬಾಯಿ ತೆರೆಸಿ ನೋಡಬೇಡವೇ?

ದೂರದ ನೆಪವೂ ನಮಗಿಲ್ಲ. ಹುಮನಾಬಾದಿನಲ್ಲಿಯೇ ಎಚ್.ಕೆ.ಡಿ.ಇ.ಟಿ. ದಂತ ಮಹಾವಿದ್ಯಾಲಯವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಯ ಮಕ್ಕಳ ತಪಾಸಣೆಯಲ್ಲಿ ಹಲ್ಲೂ ಸೇರಿದೆ. ಆದರೆ ಚೀಟಿ ಮನೆ ತಲಪಿದರೆ ಸಾಲದು. ಮಗು ಆಸ್ಪತ್ರೆ ತಲಪಬೇಕು. ಶಿಕ್ಷಕರು ಅದನ್ನು ವಿಚಾರಿಸಬೇಕು, ಪಾಲಕರು ಒಂದು ದಿನದ ಕೂಲಿಯನ್ನು ಬಿಡಬೇಕಾಗಬಹುದು. ಆ ಕೂಲಿಯ ಬೆಲೆ ನಾನು ಬಲ್ಲೆ. ಆದರೂ ಮಗುವಿನ ಬಾಯಿ ಅದಕ್ಕಿಂತ ಅಗ್ಗವಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಂದು ರಾತ್ರಿ ಹಲ್ಲುಜ್ಜಿಸುವಾಗ ಹಿಂದಿನ ಹಲ್ಲುಗಳನ್ನೊಮ್ಮೆ ಬೆಳಕಿನಲ್ಲಿ ನೋಡಿರಿ. ಕಪ್ಪು ಕಂಡರೆ, ನೋವಿಗಾಗಿ ಕಾಯಬೇಡಿರಿ.