ದೊಡ್ಡ ಹಾರ್ಟ್ ಆಸ್ಪತ್ರೆ ಆಮೇಲೆ, ಮೊದಲು ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿ ನೋಡಿ

ಹಾಸನ: 2025ರ ಜೂನ್-ಜುಲೈನಲ್ಲಿ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂದಾಗ, ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳ್ಳಂಬೆಳಗ್ಗೆ ಸಾಲು ನಿಂತರು. ಸರ್ಕಾರ ಜಯದೇವ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ ಕೆಲವು ಹೃದಯದ ಕಾಯಿಲೆಯಿಂದ ಆದದ್ದೇ ಅಲ್ಲ, ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂತ ವರದಿ ಬಂತು. ಗಾಬರಿ ಇಳೀತು.

ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ರಾತ್ರಿ 2 ಗಂಟೆಗೆ ಸಕಲೇಶಪುರದಲ್ಲೋ ಅರಸೀಕೆರೆಯಲ್ಲೋ ಒಬ್ಬರಿಗೆ ಎದೆನೋವು ಬಂದರೆ ಮೊದಲ ಒಂದು ಗಂಟೆಯಲ್ಲಿ ಏನು ಸಿಗುತ್ತೆ?

ಅಲ್ಲಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಹಾಸನದಿಂದ ಮೈಸೂರಿಗೆ 100 ಕಿ.ಮೀ.ಗೂ ಹೆಚ್ಚು. ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತೆ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಸ್ಟೆಂಟ್ ಹಾಕುವ ಆಸ್ಪತ್ರೆ 2 ಗಂಟೆಯೊಳಗೆ ಸಿಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡಬೇಕು ಅನ್ನೋದು ವೈದ್ಯರು ಪಾಲಿಸುವ ನಿಯಮ. ಅಂದ್ರೆ ಜೀವ ಉಳಿಯೋದು, ಹೋಗೋದು ತಾಲೂಕು ಮಟ್ಟದಲ್ಲೇ ತೀರ್ಮಾನ ಆಗುತ್ತೆ.

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ಲೆಕ್ಕದ್ದು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಹೃದಯ ತಜ್ಞರು ದೂರದಿಂದಲೇ ಕೆಲವೇ ನಿಮಿಷದಲ್ಲಿ ನೋಡಿ ಹೇಳ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲಿ ಉಚಿತ. ಆಮೇಲೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇದನ್ನು ಎಲ್ಲಾ ತಾಲೂಕು ಆಸ್ಪತ್ರೆಗೂ ವಿಸ್ತರಿಸುತ್ತೇವೆ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲೇ ಹೇಳಿದ್ದಾರೆ.

ಯೋಜನೆ ಚೆನ್ನಾಗಿದೆ. ಆದರೆ ಮಷಿನ್ ತಾನಾಗೇ ಇಸಿಜಿ ತೆಗೆಯಲ್ಲ. ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯೋಕೆ ಬರುವ ಸಿಬ್ಬಂದಿ ಇರಬೇಕು, ಇಂಜೆಕ್ಷನ್ ಸ್ಟಾಕ್ ಇರಬೇಕು, ಕೊಡೋಕೆ ಧೈರ್ಯ ಇರುವ ಡಾಕ್ಟರ್ ಇರಬೇಕು, ಕರೆದೊಯ್ಯೋಕೆ ಆಂಬುಲೆನ್ಸ್ ಇರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರು ವ್ಯರ್ಥ. ನಮ್ಮಲ್ಲಿ ಆಸ್ಪತ್ರೆ ಅಭಿವೃದ್ಧಿ ಅಂದ ಕೂಡಲೇ ಹೊಸ ಕಟ್ಟಡ, ಹಾಸಿಗೆ ಸಂಖ್ಯೆ ಅನ್ನೋ ಮಾತೇ ಮೊದಲು ಬರುತ್ತೆ. ಪಾಳಿ ಪಟ್ಟಿ ಯಾರೂ ಕೇಳಲ್ಲ. ಶಂಕುಸ್ಥಾಪನೆಗೆ ಫೋಟೋ ಇರುತ್ತೆ, ಪಾಳಿ ಪಟ್ಟಿಗೆ ಇರಲ್ಲ.

ದುಡ್ಡಿನ ದಾರಿಯೂ ಬದಲಾಗಿದೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆ ತಾನೇ ಚಿಕಿತ್ಸೆ ಕೊಟ್ಟರೆ ಕ್ಲೇಮ್ ಹಣ ಆ ಆಸ್ಪತ್ರೆಗೇ ಬರುತ್ತೆ. ರೆಫರ್ ಮಾಡಿದರೆ ಹಣ ರೋಗಿ ಹೋದ ಕಡೆ ಹೋಗುತ್ತೆ. ಹಾಗಾಗಿ ರೆಫರ್ ಚೀಟಿ ಬರೆಯೋದೇ ಅಭ್ಯಾಸ ಆದ ಆಸ್ಪತ್ರೆ ವರ್ಷ ವರ್ಷಕ್ಕೂ ಬಡವಾಗುತ್ತೆ. ಚಿಕಿತ್ಸೆ ಕೊಡೋ ಆಸ್ಪತ್ರೆ ಕೈಯಲ್ಲಿ ರಿಪೇರಿಗೆ, ಸಲಕರಣೆಗೆ ನಾಲ್ಕು ಕಾಸು ಇರುತ್ತೆ.

ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಪಾಲಿದೆ. ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ, ಕೆಪಿಎಂಇ ಕಾಯ್ದೆ ಇದನ್ನೇ ಹೇಳುತ್ತೆ. ಆಯುಷ್ಮಾನ್‌ನಲ್ಲೂ ತುರ್ತು ಇದ್ದರೆ ರೆಫರ್ ಚೀಟಿಗೆ ಕಾಯಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು.

ಅಂಗಡಿಯವರಿಗೂ ಒಂದು ಮಾತು. ಎದೆ ಉರಿ, ಬೆವರು, ಎಡಗೈ ಸೆಳೆತ ಅಂತ ಬಂದವರಿಗೆ 'ಗ್ಯಾಸ್ಟ್ರಿಕ್ ಇರ್ಬೇಕು' ಅಂತ ಸೋಡಾ, ಮಾತ್ರೆ ಕೊಟ್ಟು ಕೂರಿಸಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿಗೆ ಕಳಿಸಿ.

ತಾಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ. ಮುಂದಿನ ಸಭೆಗೆ ಮೂರೇ ಪ್ರಶ್ನೆ ಸಾಕು: ಕಳೆದ ತಿಂಗಳು ರಾತ್ರಿ ಎಷ್ಟು ಇಸಿಜಿ ಆಯ್ತು? ಇಂಜೆಕ್ಷನ್ ಎಷ್ಟು ಜನಕ್ಕೆ ಕೊಟ್ಟರು? ಎಷ್ಟು ಜನರನ್ನು ಬರೀ ಚೀಟಿ ಬರೆದು ಕಳಿಸಿದರು? ಈ ಲೆಕ್ಕವನ್ನು ಆಸ್ಪತ್ರೆ ಗೋಡೆ ಮೇಲೆ ಬರೆಯಲಿ. ಹೊಸ ಕಟ್ಟಡದ ಮಾತು ಆಮೇಲೆ ಆಡೋಣ.