ಮಗುವಿನ ಬೊಜ್ಜಿಗೆ ಚೂರ್ಣದ ಪೂಜೆ

ನಮ್ಮ ನಗರಗಳಲ್ಲಿ ಹೊಸದೊಂದು ಆಯುರ್ವೇದಭಕ್ತಿ ಹುಟ್ಟಿಕೊಂಡಿದೆ. ಮಗು ವಯಸ್ಸಿಗೆ ಮೀರಿ ದಪ್ಪವಾದರೆ ತಾಯಿ-ತಂದೆ ಮೊದಲು ಹುಡುಕುವುದು ಚೂರ್ಣದ ಡಬ್ಬಿಯನ್ನು. ‘ಗಿಡಮೂಲಿಕೆಯಲ್ಲವೆ, ಕೆಡುಕೇನು?’ ಎಂಬ ಸಮಾಧಾನ ಬೇರೆ. ಈ ಭಕ್ತಿ ಆಯುರ್ವೇದಕ್ಕೆ ಅಪಚಾರ, ಮಗುವಿಗೆ ಅನ್ಯಾಯ.

ರೋಗ ಕಲ್ಪನೆಯದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರಲ್ಲಿ 3.4 ಆಯಿತು. ಪ್ರಶ್ನೆ ಇರುವುದು ಮದ್ದಿನದು.

ಶಾಸ್ತ್ರವನ್ನೇ ಕೇಳೋಣ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುತ್ತದೆ: ಮಿತಿಮೀರಿದ ಊಟ, ಸಿಹಿ, ಜಿಡ್ಡು, ಜಡವಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ವಂಶದಿಂದ ಬಂದ ಪ್ರಕೃತಿ. ತ್ರಿಫಲೆ, ಅಮೃತಬಳ್ಳಿ, ವಾಯುವಿಳಂಗ, ಜೇನುಗಳನ್ನು ಅದು ಹೇಳುವುದು ನಿಜ. ಆದರೆ ಅದರ ಜೊತೆಗೇ ಜವೆಗೋಧಿ, ನವಣೆ, ಹಾರಕ, ಹೆಸರು, ಹುರುಳಿಗಳನ್ನೂ ಹೇಳುತ್ತದೆ. ಹೊಟ್ಟೆ ತುಂಬಬೇಕು, ಮೇದಸ್ಸು ಬೆಳೆಯಬಾರದು, ಇದು ಅದರ ಸೂತ್ರ. ನಮ್ಮವರು ತ್ರಿಫಲೆಯನ್ನು ಎತ್ತಿಕೊಂಡು ಹುರುಳಿಯನ್ನು ಅಲ್ಲೇ ಬಿಟ್ಟರು. ಅದೇ ಅಧ್ಯಾಯ ಜಾಗರಣೆ, ಚಿಂತೆ, ದಾಂಪತ್ಯಸುಖಗಳನ್ನೂ ಕ್ರಮವಾಗಿ ಹೆಚ್ಚಿಸಲು ಹೇಳುತ್ತದೆ. ಅದು ಬೆಳೆದವರಿಗೆ ಬರೆದ ವಿಧಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಇಂದಿನ ಪರೀಕ್ಷೆಗಳ ಮಾತು. ಮಲೆನಾಡಿನ ಉಪ್ಪಾಗೆ ಹುಳಿಯ ಸಾರವನ್ನು ತೂಕ ಇಳಿಸುವ ಗುಳಿಗೆಯೆಂದು ಜಗತ್ತೆಲ್ಲ ಮಾರಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿ ವಯಸ್ಕರ ಮೇಲೆ 12 ವಾರ ಪರೀಕ್ಷಿಸಿದಾಗ, ಅದು ಹುಸಿಗುಳಿಗೆಗಿಂತ ಮೇಲೆಂದು ಕಾಣಲಿಲ್ಲ. ಅಂಥ ಗುಳಿಗೆಗಳಿಂದ ಯಕೃತ್ತು ಕೆಟ್ಟ ವರದಿಗಳೂ ಬಂದಿವೆ. ಸಾರಿನ ಹುಳಿ ಸಾರಿಗೇ ಇರಲಿ. ಗುಗ್ಗುಳದ ಮೇಲೆ 1966ರಲ್ಲಿ ಕಾಶಿಯಲ್ಲಿ ಡಾ. ಜಿ. ವಿ. ಸತ್ಯವತಿಯವರು ಶ್ಲಾಘ್ಯವಾದ ಸಂಶೋಧನೆ ನಡೆಸಿದರು; 2003ರ ಅಮೆರಿಕದ ಪರೀಕ್ಷೆಯಲ್ಲಿ ಅದೇ ಗುಗ್ಗುಳದಿಂದ ಕೆಟ್ಟ ಕೊಲೆಸ್ಟರಾಲು ಇಳಿಯುವ ಬದಲು ಏರಿತು. ವಯಸ್ಕರಲ್ಲೇ ಇತ್ಯರ್ಥವಾಗದ್ದನ್ನು ಎಂಟು ವರ್ಷದ ಮಗುವಿನ ಬಾಯಿಗೆ ಹಾಕುವ ಧೈರ್ಯ ನಮಗೆಲ್ಲಿಂದ ಬಂತು?

ಬೊಜ್ಜು ಕರಗಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಕಾಯಿದೆ ಪುಸ್ತಕದಲ್ಲಿದೆ, ಜಾಹೀರಾತು ಬೀದಿಯಲ್ಲಿದೆ.

‘ಹಾಗಾದರೆ ಆಯುರ್ವೇದವೇ ಬೇಡವೆ?’ ಎಂದು ಅಭಿಮಾನಿಗಳು ಕೇಳಬಹುದು. ಬೇಕು, ಪೂರ್ತಿಯಾಗಿ ಬೇಕು. ನಿದಾನಪರಿವರ್ಜನ, ಎಂದರೆ ಕಾರಣವನ್ನು ತೊರೆಯುವುದು, ಅದರ ಮೊದಲ ಚಿಕಿತ್ಸೆ. ಆ ಕಾರಣವಾದರೂ ಎಲ್ಲಿದೆ? ಬೇಕರಿಯ ಪೊಟ್ಟಣದಲ್ಲಿ, ಬಣ್ಣದ ಪಾನೀಯದ ಬಾಟಲಿಯಲ್ಲಿ, ಊಟದ ತಟ್ಟೆಯ ಮುಂದೆ ನಿಲ್ಲಿಸಿದ ಮೊಬೈಲಿನಲ್ಲಿ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳುವ ಶಾಲೆಯಲ್ಲಿ, ‘ಇಲ್ಲಿ ಮಕ್ಕಳು ಆಡಕೂಡದು’ ಎಂದು ಬೋರ್ಡು ತಗುಲಿಸಿದ ವಸತಿಸಮುಚ್ಚಯದಲ್ಲಿ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚರಕ ಹೇಳಿದ್ದಕ್ಕೂ ಇದಕ್ಕೂ ಜಗಳವಿಲ್ಲ.

ಮಗುವನ್ನು ಉಪವಾಸ ಕೆಡವಬೇಡಿ, ‘ಡುಮ್ಮ’ ಎಂದು ಹಂಗಿಸಬೇಡಿ. ತೂಕ ಏರುತ್ತಲೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಉಳಿದದ್ದು ಮನೆಯವರೆಲ್ಲ ಸೇರಿ ಹಿಡಿಯಬೇಕಾದ ಪಥ್ಯ. ಅಪ್ಪ ಕುರ್ಚಿ ಬಿಡದೆ, ಅಮ್ಮ ಎಣ್ಣೆಬಾಣಲೆ ಇಳಿಸದೆ, ಮಗು ಒಂದೇ ಕಹಿ ಕಷಾಯ ಕುಡಿಯಬೇಕೆಂದರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ. ಅದನ್ನು ಧನ್ವಂತರಿಯ ಹೆಸರಿನಲ್ಲಿ ಕೊಡುವುದನ್ನಾದರೂ ನಿಲ್ಲಿಸೋಣ.